ಜವಳಕ್ಕೆ ಹೊರಟವರು

ಬೀದರಿನ ಕಾರ್ಮಿಕನೊಬ್ಬನಿಗೆ ಮಂಜೂರಾಗಿದ್ದ ದೀಪಾವಳಿ ರಜೆಯನ್ನು ಅವನು ಊರಿಗೆ ಹೊರಡುವ ದಿನವೇ ಕಾರ್ಖಾನೆಯ ಗುತ್ತಿಗೆದಾರ ರದ್ದು ಮಾಡಿದ್ದ.

ನಾಸಿಕ್ ರೋಡ್ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಅವನೂ ಹೆಂಡತಿಯೂ ನಿಂತಿದ್ದರು. ಗಂಡನ ಹೆಗಲ ಮೇಲೆ ಜಡೆ ಹಾಕಿದ ಗಂಡುಮಗು.

“ನೀವು ಡ್ಯೂಟಿಗಿ ಹೋಗ್ರಿ. ಔರಂಗಾಬಾದಿಗಿ ನಮ್ಮಣ್ಣ ಬರ್ತಾನ, ಮುಂದ ಊರಿಗಿ ಕರಕೊಂಡು ಹೋಗ್ತಾನ.”

“ನನ್ನ ಬಿಟ್ಟು ಮಗನ ಜವಳ ಮಾಡ್ತೀರೇನು, ಜಯಾ?”

“ಮೂರನೇ ವರ್ಷ ಮುಗೀಲಾಕ ಬಂತು. ನಾಕರಾಗ ಮಾಡಬಾರದು. ಐದರ ತನಕ ಜಡಿ ಹಾಕ್ಕೋತ ಕೂಡಲೇನು? ಓಣ್ಯಾಗ ಈಗೇ ಎಲ್ಲಾರೂ ಹುಡುಗಿ ಅಂತ ತಿಳದು ‘ಬೇಬಿ’ ಅಂತಾರ.”

“ಸುಪರ್‌ವೈಸರ್ ಏನಂದ ಗೊತ್ತದ? ಇಲ್ಲೇ ಸಲೂನ್‌ದಾಗ ಬೋಳಸು ಅಂದ.”

“ಮೊದಲ ಅವನ ಮೀಸಿ ಬೋಳಸ್ಕೊಳ್ಳಲಿ!”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಗಂಡ ಮೆಲ್ಲಗೆ ಹೇಳಿದ:

“ಅವ್ವ ಇಂವ ನಡಿಯೋದೇ ನೋಡಿಲ್ಲ. ಅಂಗಳದಾಗ ಅಕಿ ಕಡಿ ಓಡೋದು ನಾ ಕಣ್ಣಾರೆ ನೋಡಬೇಕು.”

“ನನಗೂ ಆಸಿ ಅದ. ಆದ್ರ ನೌಕರಿ ಹೋದ್ರ?”

ಬಸ್ ಬಂದು ನಿಂತಿತು. “ಬಾಬಾ, ಚಲ್!” ಎಂದು ಮಗು ಅಪ್ಪನ ಕಿವಿ ಹಿಂಡಿತು. ಅಷ್ಟರಲ್ಲಿ ಗಂಡನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬಾಗಿಲಿಗೆ ಮಗುವಿನ ತಲೆ ತಾಗದಂತೆ ಬಗ್ಗಿ ಒಳಗೆ ಹತ್ತುತ್ತಾ ಅವನು ಫೋನಿಗೆ ಹೇಳಿದ:

“ನಾಹೀ ಯೇಣಾರ್, ಸಾಹೇಬ. ಬರೋದಿಲ್ಲ ಅಂದ್ರ ಬರೋದಿಲ್ಲ.”