ಫೆರೆಟ್ಟಿನ ಸಕ್ಕರೆ

ಗಂಡನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಇಂಗ್ಲೆಂಡಿನ ಬಾರ್ನ್ಸ್‌ಲಿಯಲ್ಲಿ ಪ್ರಾಣಿವೈದ್ಯರ ಮೊಗಸಾಲೆಯಲ್ಲಿ ಕೂತಿದ್ದೆ. ಎದುರಿಗೆ ಮುದುಕ ಹೆಡ್ಲಿ, ಅವನ ತಂಗಿ ಥೆಲ್ಮಾ. ಅವನ ಮಡಿಲ ಪೆಟ್ಟಿಗೆಯಲ್ಲಿ ಸಕ್ಕರೆ ಕಾಯಿಲೆಯ ಫೆರೆಟ್, ಮುಂಗುಸಿಯಂಥ ಸಾಕುಪ್ರಾಣಿ.

“ಮತ್ತೆ ಹಾಲಲ್ಲಿ ಬ್ರೆಡ್ ನೆನೆಸಿ ಹಾಕಿದ್ಯಾ, ಅಣ್ಣ?”

“ಅಪ್ಪ ಮೊಲ ಹಿಡಿಯೋಕೆ ಸಾಕಿದ ಫೆರೆಟ್ಟೆಲ್ಲ ಅದನ್ನೇ ತಿಂದು ಬದುಕಿದ್ವು.”

“ನಾಲ್ಕೇ ವರ್ಷಕ್ಕೆ ಸಾಯ್ತಿದ್ವು. ಬರೀ ಮಾಂಸ ಹಾಕು ಅಂತ ಡಾಕ್ಟ್ರು ಬಾಯಿ ಬಡ್ಕೊಂಡ್ರು. ಕಿವಿ ಚುಚ್ಚಿ ರಕ್ತ ನೋಡ್ದೆ ಇನ್ಸುಲಿನ್ ಕೊಡ್ತೀಯಲ್ಲ, ನೀನೇನು ದೇವರಾ?”

“ಮುಖ ನೋಡಿದ್ರೆ ಗೊತ್ತಾಗುತ್ತೆ.”

“ನಲವತ್ತು ವರ್ಷ ಹೆಂಡ್ತಿ ಮುಖ ನೋಡಿ ಏನು ಗೊತ್ತಾಯ್ತು ನಿನಗೆ?”

“ಇಲ್ಲಿ ಎರವಲು ಕೊಡೋ ಸಕ್ಕರೆ ನೋಡೋ ಮೀಟರ್ ಇರೋದೇ ಒಂದು. ಯಾವನೋ ಒಯ್ದು ತಿಂಗಳಾಯ್ತಂತೆ.”

“ನಿನ್ನಂಥವನೇ ಇರ್ಬೇಕು. ನಿನ್ನೆ ಇನ್ಸುಲಿನ್ ಹೆಚ್ಚಾಗಿ ಇದು ನಡುಗ್ತಾ ಬಿತ್ತು. ಇನ್ನೊಂದ್ಸಲ ಬಿದ್ರೆ ಏಳಲ್ಲ. ಮೀಟರ್ ಒಯ್ದವನಿಗೇನು, ಎಲ್ಲೋ ಹಾಯಾಗಿ ಮಲಗಿರ್ತಾನೆ.”

ನರ್ಸ್ ಕರೆದಳು. ಹೆಡ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಎದ್ದ. ಥೆಲ್ಮಾ ಗೊಣಗುತ್ತಲೇ ಅವನಿಗೆ ಬಾಗಿಲು ಹಿಡಿದಳು.

ಅವರು ಒಳಗೆ ಹೋದ ಮೇಲೆ ನಾನು ಚೀಲದಿಂದ ಮೀಟರ್ ತೆಗೆದು ಸ್ವಾಗತಕಾರಿಣಿಯ ಮೇಜಿನ ಮೇಲಿಟ್ಟೆ.

“ನನ್ನ ಗಂಡ ಒಯ್ದಿದ್ದು. ಈಗ ಒಳಗೆ ಹೋದರಲ್ಲ, ಅವರಿಗೆ ಕೊಡಿ” ಎಂದೆ.