ಅಂಗೈ ಮೂಸುತ್ತಿದ್ದವನಿಗೆ ಸನ್ಮಾನ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ದಂತವೈದ್ಯೆ ಡಾಕ್ಟರ್ ದ್ರಾಕ್ಷಾಯಿಣಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ಕುಪ್ಪೇಲೂರಿನ ನೆಟ್ ಮನೆಗಳಲ್ಲಿ ಬೀಜದ ಕೆಲಸ ಮಾಡುವ ತಾಯಂದಿರೇ, ಅಕ್ಕತಂಗಿಯರೇ, ಊಟಕ್ಕೆ ಯಾವಾಗ ಕರೆಯುತ್ತಾರೆ ಎಂದು ಹಿಂದಿನ ಬಾಗಿಲಲ್ಲಿ ನಿಂತು ಕಾಯುತ್ತಿರುವ ಗಂಡಸರೇ, ಒಟ್ಟಾರೆ ಸಭಿಕರೇ,

ಒಂದು ವರ್ಷದಲ್ಲಿ ನೂರಾ ಹನ್ನೆರಡು ಹೆಣ್ಣುಮಕ್ಕಳನ್ನು ಒಸಡಿನ ತಪಾಸಣೆಗೆ ಕರೆತಂದೆ ಎಂದು ನನಗೆ ಈ ಶಾಲು ಹೊದಿಸಿದ್ದೀರಿ. ಶಾಲು ಬೆಚ್ಚಗಿದೆ. ಮುಜುಗರವೂ ಅಷ್ಟೇ ಇದೆ. ಬರೆದುಕೊಂಡು ಬಂದ ಭಾಷಣ ಜೇಬಿನಲ್ಲಿದೆ, ಅದು ಅಲ್ಲೇ ಇರಲಿ.

ಪರವೂರಿನಿಂದ ಬಂದವರಿಗೆ ನನ್ನ ಪರಿಚಯ ಹೇಳಬೇಕು. ನಾನು ತಿರಕಪ್ಪ. ಇಪ್ಪತ್ತಾರು ವರ್ಷ ನೆಟ್ ಮನೆಯ ಮೇಲ್ವಿಚಾರಕನಾಗಿದ್ದೆ. ಬಿಳಿ ಬಲೆಯೊಳಗೆ ಟೊಮೆಟೊ ಮತ್ತು ಮೆಣಸಿನ ಗಿಡಗಳು. ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಬೆರಳಿನಿಂದ ಮುಟ್ಟಿಸುವ ಹೆಣ್ಣುಮಕ್ಕಳು. ತಂಬಾಕು ಹಿಡಿದ ಕೈ ಮುಟ್ಟಿದರೆ ಗಿಡಕ್ಕೆ ರೋಗ ಹತ್ತುತ್ತದೆ, ಎಲೆ ಮುದುಡುತ್ತದೆ. ಆದ್ದರಿಂದ ಬಾಗಿಲಲ್ಲಿ ನಿಂತು, ಸೋಪಿನಿಂದ ತೊಳೆದ ಒಂದೊಂದು ಅಂಗೈಯನ್ನೂ ಮೂಸಿ ಒಳಗೆ ಬಿಡುವುದು ನನ್ನ ಕೆಲಸವಾಗಿತ್ತು. ನಗಬೇಡಿ. "ಮೂಗು ಬಂತು ನೋಡ್ರೇ, ಲಗೂ ಕೈ ತೊಳಕೋರ್ರೇ" ಎಂದು ನೀವು ಪಿಸುಗುಟ್ಟುತ್ತಿದ್ದದ್ದು ಈ ಮೂಗಿನ ಪಕ್ಕದ ಕಿವಿಗೂ ಕೇಳಿಸುತ್ತಿತ್ತು.

ಈಗ ನಿವೃತ್ತ. ಮಧ್ಯಾಹ್ನ ಉಂಡು ಕಟ್ಟೆಗೆ ಒರಗಿದರೆ, ಕಣ್ಣು ಮುಚ್ಚುವ ಮೊದಲೇ ಆ ಬಲೆಯೊಳಗಿನ ಬೆಳಕು ಬರುತ್ತದೆ. ಹಾಲಿನಂಥ ಬೆಳಕು. ಅದರಲ್ಲಿ ಯಾರಿಗೂ ನೆರಳಿಲ್ಲ. ಹಳದಿ ಪರಾಗ ಗಾಳಿಯಲ್ಲಿ ಇಳಿಯುತ್ತದೋ ಏರುತ್ತದೋ ತಿಳಿಯುವುದಿಲ್ಲ. ಕೈಗಳು ಸಾಲಾಗಿ ತೇಲಿ ಬರುತ್ತವೆ. ಮುಖಗಳಿಲ್ಲ, ಬರೀ ಕೈಗಳು. ಮೂಸುತ್ತ ಹೋಗುತ್ತೇನೆ, ಮೂಸುತ್ತ ಹೋಗುತ್ತೇನೆ. ಕೊನೆಯ ಕೈ ನನ್ನ ಹೆಂಡತಿ ಕರೆವ್ವಳದು. ತಲೆ ಎತ್ತಿದರೆ ಅವಳ ಬಾಯಿಯ ಮೇಲೆ ಸೆರಗು. ಅಷ್ಟರಲ್ಲಿ ಎಚ್ಚರವಾಗುತ್ತದೆ.

ಕರೆವ್ವ ಅದೇ ನೆಟ್ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ನಕ್ಕರೆ ಬಲೆಯ ಆಚೆ ತುದಿಗೆ ಕೇಳುತ್ತಿತ್ತು. "ಮೆಲ್ಲಕ ನಗು, ಹೂವು ಉದುರ್ತಾವ" ಎಂದು ನಾನೇ ಗದರಿದ್ದುಂಟು. ಆ ನಗು ಯಾವ ವರ್ಷ ನಿಂತಿತು? ಸೆರಗು ಯಾವ ತಿಂಗಳು ಬಾಯಿಗೆ ಬಂತು? ನನಗೆ ನೆನಪಿಲ್ಲ. ವಯಸ್ಸಾಯಿತು, ಗಂಭೀರಳಾದಳು ಎಂದುಕೊಂಡೆ. ಸೊಸೆ ಬಂದ ಮನೆ, ಮರ್ಯಾದೆ ಎಂದುಕೊಂಡೆ. ದಿನಾ ನಲವತ್ತು ಕೈ ಮೂಸುವ ಮೂಗಿಗೆ, ಪಕ್ಕದಲ್ಲಿ ಕುಳಿತವಳ ಬಾಯಿಯ ವಾಸನೆ ತಿಳಿಯಲಿಲ್ಲವೇ? ತಿಳಿದಿತ್ತು, ಸಭಿಕರೇ. ತಿಳಿದು, ನನ್ನ ಹಾಸಿಗೆಯನ್ನು ಸ್ವಲ್ಪ ಅತ್ತ ಸರಿಸಿಕೊಂಡೆ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಇರಲಿ.

ಒಂದು ಮುಂಜಾನೆ ಬಚ್ಚಲಿನಿಂದ ಕರೆದಳು. "ಹಲ್ಲ ತಿಕ್ಕಿದ್ರ ರಕ್ತ ಬರಾಕತ್ತೈತ್ರಿ." ಮೇಲ್ವಿಚಾರಕನಲ್ಲವೇ ನಾನು? ನನ್ನಲ್ಲಿ ಎಲ್ಲಕ್ಕೂ ಉತ್ತರ ಇರಬೇಕು. "ತಿಕ್ಕೂದು ಬಿಡು, ತಾನ ನಿಂದರತೈತಿ" ಅಂದೆ. ಮುಂದೆ ಒಸಡು ಜುಮುಗುಡುತ್ತದೆ ಅಂದಾಗ ರಾಣೆಬೆನ್ನೂರಿನಿಂದ ಮಿಶ್ರಿ ತಂದುಕೊಟ್ಟೆ. ಮಿಶ್ರಿ ಅಂದರೆ ಹುರಿದು ಪುಡಿ ಮಾಡಿದ ತಂಬಾಕು. ಹೌದು, ಬಾಗಿಲಲ್ಲಿ ನಿಂತು ತಂಬಾಕಿನ ವಾಸನೆ ಹಿಡಿಯುತ್ತಿದ್ದ ನಾನೇ ತಂದುಕೊಟ್ಟೆ. ಕೊಡುವಾಗ ಒಂದು ಎಚ್ಚರಿಕೆಯನ್ನೂ ಹೇಳಿದೆ: "ಸಂಜಿಗಷ್ಟ ಹಚ್ಚಿಕೋ. ಮುಂಜಾನೆ ಬ್ಯಾಡ. ಗಿಡಕ್ಕ ರೋಗ ಬರ್ತೈತಿ."

ಗಿಡಕ್ಕೆ! ಗಿಡಕ್ಕೆ ಬರುವುದು ಗೊತ್ತಿದ್ದವನಿಗೆ ಹೆಂಡತಿಯ ಒಸಡಿನ ಯೋಚನೆ ಬರಲಿಲ್ಲ. ಏಳು ವರ್ಷ ಅವಳ ಮಿಶ್ರಿ ಡಬ್ಬಿ ತುಂಬಿಸಿದೆ. ಅವಳು ಏಳು ವರ್ಷವೂ ಮುಂಜಾನೆ ಕೈ ತೊಳೆದು, ನನ್ನ ಮುಂದೆ ಹಿಡಿದು, ಒಳಗೆ ಹೋದಳು.

ಎರಡು ವರ್ಷದ ಹಿಂದೆ ರೊಟ್ಟಿ ಕಚ್ಚುವಾಗ ಮುಂದಿನ ಹಲ್ಲೊಂದು ನೋವೇ ಇಲ್ಲದೆ ಅವಳ ಕೈಗೆ ಬಂತು. ಆಗ ಇದೇ ಡಾಕ್ಟರರ ಬಳಿ ಹೋದೆವು. ಅವರು ಅವಳ ಬಾಯಿ ನೋಡಿ ನನ್ನನ್ನು ಕೇಳಿದರು: "ಬುಡದ ಮಣ್ಣ ಕೊಚ್ಚಿ ಹೋದ್ರ ಗಿಡ ನಿಂದರತೈತೇನ್ರಿ, ತಿರಕಪ್ಪನವರ?" ಹಲ್ಲಿನ ಬುಡದಲ್ಲಿ ಕೂತ ಕೊಳೆ ಗಟ್ಟಿಯಾಗಿ ಗಾರೆಯಾಗುತ್ತದೆ. ಒಸಡು ಊದಿ ರಕ್ತ ಬರುತ್ತದೆ. ಆಗ ಹಗುರವಾಗಿ, ಬಿಡದೆ ತಿಕ್ಕಬೇಕು, ತೋರಿಸಬೇಕು. ನಾವು ತಿಕ್ಕುವುದನ್ನೇ ಬಿಡುತ್ತೇವೆ. ಒಳಗಿನ ಎಲುಬು ಸದ್ದಿಲ್ಲದೆ ಕರಗುತ್ತದೆ. ತಂಬಾಕು ನೋವನ್ನು ಮುಚ್ಚುತ್ತದೆ, ರೋಗವನ್ನು ಬೆಳೆಸುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ಅವಳಿಗೆ ಸಕ್ಕರೆ ಇದ್ದದ್ದೂ ಆವತ್ತೇ ತಿಳಿಯಿತು.

ಅಲ್ಲಿಯೂ ನಾನು ವಾದ ಹೂಡಿದೆ. "ಕ್ಲೀನ್ ಮಾಡಿಸಿದ್ರ ಇದ್ದ ಹಲ್ಲೂ ಅಲುಗಾಡ್ತಾವಂತಲ್ರಿ?" ಡಾಕ್ಟರು ಸಿಟ್ಟಾಗಲಿಲ್ಲ. "ಅವು ಆಗಲೇ ಅಲುಗಾಡ್ಯಾವ್ರಿ. ಗಾರೆ ಹಿಡಕೊಂಡೈತಂತ ನಿಮಗ ಗೊತ್ತಾಗಿಲ್ಲ" ಅಂದರು. ನಾಲ್ಕು ಸಲ ಕರೆಸಿ, ಒಸಡಿನ ಒಳಗಿನ ತನಕ ಶುಚಿ ಮಾಡಿದರು. ಕರಗಿದ ಎಲುಬು ಮೊದಲಿನಂತಾಗಲಿಲ್ಲ. ನಾಲ್ಕು ಹಲ್ಲು ಹೋದವು. ಉಳಿದವು ನಿಂತವು. ತಾಯಂದಿರೇ, ಮೆತ್ತನೆಯ ಬ್ರಶ್ಶು, ದಿನಕ್ಕೆ ಎರಡು ಸಲ, ಒಸಡಿನ ಅಂಚಿಗೆ ಹಗುರವಾಗಿ. ಹಲ್ಲಿನ ಸಂದುಗಳನ್ನೂ ಮರೆಯಬೇಡಿ. ಆರು ತಿಂಗಳಿಗೊಮ್ಮೆ ತೋರಿಸಿ. ಮಿಶ್ರಿಯನ್ನು ಮುಂಜಾನೆಯೂ ಬೇಡ, ಸಂಜೆಯೂ ಬೇಡ. ನೋವಿಲ್ಲವಲ್ಲ ಎಂದು ಮಾತ್ರ ಕಾಯಬೇಡಿ.

ಹಲ್ಲು ಉಳಿದವು. ವಾಸನೆ ಹೋಯಿತು. ಸೆರಗು ಹೋಗಲಿಲ್ಲ. ನಿಮ್ಮ ನಡುವೆ ಕೂತಾಗ ಕರೆವ್ವ ಬಾಯಿ ತುಂಬ ನಗುತ್ತಾಳಂತೆ. ನಾನು ಹೊಸ್ತಿಲು ತುಳಿದರೆ ಸೆರಗು ಮೇಲೇರುತ್ತದೆ. ಹಾಸಿಗೆ ಸರಿಸಿದ್ದು ಅವಳಿಗೆ ಗೊತ್ತಿತ್ತು, ಅಷ್ಟೇ. ಮನೆಮನೆ ಅಲೆದು ನಿಮ್ಮನ್ನೆಲ್ಲ ಕರೆತಂದದ್ದನ್ನು ಸಮಾಜಸೇವೆ ಎಂದು ಈ ಸನ್ಮಾನಪತ್ರದಲ್ಲಿ ಬರೆದಿದ್ದಾರೆ. ಖರೇ ಹೇಳಲೇ? ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅವಳ ನಗು ನನ್ನೆದುರು ಇನ್ನೊಮ್ಮೆ ಬರಲಿ ಎನ್ನುವುದೊಂದೇ ನನಗಿದ್ದ ಆಸೆ.

ಇವತ್ತು ಮುಂಜಾನೆ ನನ್ನ ಬ್ರಶ್ಶಿನ ಮೇಲೆ ರಕ್ತ ಕಂಡಿತು. ಮುಚ್ಚಿಟ್ಟೆ. ಅವಳು ನೋಡಿಬಿಟ್ಟಳು.

"ಬಾಯಿ ತಗೀರಿ."

"ಸಭಾಕ್ಕ ಹೊತ್ತಾತು."

"ಸಭಾ ಎಲ್ಲೂ ಓಡಿ ಹೋಗೂದಿಲ್ಲ. ತಗೀರಿ ಅಂದ್ನಿ."

ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದು ಕೈ ನನ್ನ ತುಟಿ ಹಿಡಿದಿತ್ತು. ಸೆರಗು ಹಿಡಿಯಲು ಮೂರನೇ ಕೈ ಎಲ್ಲಿಂದ ತರಬೇಕು? ಎಷ್ಟೋ ವರ್ಷದ ಮೇಲೆ ಅವಳ ಮುಖ ಅಷ್ಟು ಹತ್ತಿರ ಬಂದಿತ್ತು. "ಊರಿಗೆಲ್ಲ ಬುದ್ಧಿ ಹೇಳಾವ್ರು, ನಿಮ್ಮ ಒಸಡ ಯಾರ ನೋಡಬೇಕ್ರಿ?" ಅಂದು ನಕ್ಕಳು. ಹೋದ ನಾಲ್ಕು ಹಲ್ಲಿನ ಸಂದಿಯೂ ಸೇರಿ, ಬಾಯಿ ತುಂಬ ನಕ್ಕಳು. ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಇದು ನಿದ್ದೆಯೋ ಎಚ್ಚರವೋ ಎಂದು ನನಗೆ ಅನುಮಾನವಾಯಿತು. ಸುಖವಾಯಿತು, ಸಭಿಕರೇ, ಬಹಳ ಸುಖವಾಯಿತು. ಏನೂ ಹೇಳಲಿಲ್ಲ. ಹೇಳಿದರೆ ಸೆರಗು ಮತ್ತೆ ಮೇಲೇರೀತು ಎಂಬ ಭಯ.

ಈಗ ಮೈಕಿನಲ್ಲೇ ಹೇಳಿಬಿಟ್ಟೆನಲ್ಲ. ಅವಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಡಾಕ್ಟರೇ, ಸೋಮವಾರ ನನ್ನ ಹೆಸರನ್ನೂ ಬರೆದುಕೊಳ್ಳಿ, ಅವಳೇ ಕರೆತರುತ್ತಾಳೆ. ಅವಳ ಕೈ ಸೆರಗಿನತ್ತ ಹೋಯಿತು. ನಾನು ಇಲ್ಲಿಂದಲೇ ನೋಡುತ್ತಿದ್ದೇನೆ. ಕಣ್ಣು ಒರೆಸಿಕೊಂಡಳು. ಕೈ ಕೆಳಗಿಳಿಯಿತು. ಬಾಯಿ ಮುಚ್ಚಿಕೊಳ್ಳಲಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಎಲ್ಲವನ್ನೂ ಕೇಳಿ, ಎದ್ದು ಹೋಗದೆ ಕೂತಿರುವ ಅವಳಿಗೂ. ನಮಸ್ಕಾರ.