ರೊಟ್ಟಿ ಬಡಿಯಬಹುದಾದ ಊರು

೨೦೦೬ರ ಒಂದು ಸಂಜೆ ಪುಣೆಯ ಶಿವಾಜಿನಗರ ಸ್ಟೇಷನ್ನಿನಲ್ಲಿ ತಂಗಿಯ ರೈಲಿಗಾಗಿ ಕಾಯುತ್ತ ಕೂತಿದ್ದೆ. ಅದೇ ಬೆಂಚಿನಲ್ಲಿ ನರ್ಸ್ ಸಮವಸ್ತ್ರದ ಹೆಂಗಸೊಬ್ಬಳು ಗಂಡನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು:

“ಕೆನಡಾದ ಎರಡೂ ದವಾಖಾನಿಯವರು ನಾಳೆ ಉತ್ತರ ಕೇಳ್ಯಾರ. ಟೊರಾಂಟೊನೋ, ವಿನಿಪೆಗ್ಗೋ?”

“ನೌಕರಿ ನಿಂದು, ಮಾಧುರಿ, ನೀನ ಹೇಳು. ನನ್ನ ಕೇಳಿದ್ರ ಟೊರಾಂಟೊ ಛೊಲೊ. ನಿಮ್ಮಕ್ಕ ಅಲ್ಲೇ ಇದ್ದಾಳ.”

“ಅಕ್ಕ ರೊಟ್ಟಿ ಬಡಿಯೋದು ಬಿಟ್ಟಾಳ್ರಿ.”

“ಯಾಕ?”

“ಅಕಿ ಮನಿ ಮೂರನೇ ಮಾಳಿಗಿ ಮ್ಯಾಲ, ನೆಲ ಕಟ್ಟಿಗೀದು. ಗಂಡ ಹೆಂಡ್ತಿ ಹೊಡದಾಡಾಕತ್ತಾರ ಅಂತ ತಿಳಕೊಂಡು ಕೆಳಗಿನವರು ಪೊಲೀಸರನ್ನ ಕರೆಸಿದ್ರು.”

“ಅಯ್ಯ! ಜ್ವಾಳದ ರೊಟ್ಟಿ ಇಲ್ಲದ ನಾ ಹ್ಯಾಂಗ ಇರ್ಲಿ?”

“ಅದಕ್ಕ ವಿನಿಪೆಗ್ ಅನ್ನಾಕತ್ತೀನಿ. ಅಲ್ಲಿ ನಮಗ ಸಿಗೋದು ನೆಲಮಾಳಿಗಿ ಮನಿ. ಕೆಳಗ ಬರೇ ಮಣ್ಣು.”

“ಚಳಿ ಭಾಳ ಅಂತಾರಲ್ಲ?”

“ಚಳಿಗೆ ಸ್ವೆಟರ್ ಹಾಕ್ಕೋಬಹುದು. ರೊಟ್ಟಿ ಸಪ್ಪಳಕ್ಕ ಏನ್ ಹಾಕ್ತೀರಿ?”

ಗಂಡ ಬೆಂಚು ಅಲುಗಾಡುವಂತೆ ನಕ್ಕ. ಅಷ್ಟರಲ್ಲಿ ಅವರ ಲೋಕಲ್ ಬಂತು. ಎದ್ದು ಓಡುತ್ತಲೇ ಅವನು ಕೇಳಿದ:

“ಮ್ಯಾಲಿನವರು ಸುಮ್ನಿರ್ತಾರೇನ?”

“ಮ್ಯಾಲ ಇರೋ ಮಾಲಕರು ಬಾಗಲಕೋಟಿಯವರು. ಸಪ್ಪಳ ಕೇಳಿದ್ರ ತಾಟು ಹಿಡಕೊಂಡು ಇಳಿದು ಬರ್ತಾರ!”

ಅವಳು ಲೇಡೀಸ್ ಡಬ್ಬಿ ಹತ್ತಿದಳು. ರೈಲು ಹೊರಟಾಗ ಪಕ್ಕದ ಡಬ್ಬಿಯ ಬಾಗಿಲಿನಿಂದ ಗಂಡ ಕೂಗಿದ್ದು ಪ್ಲಾಟ್‌ಫಾರ್ಮಿಗೆಲ್ಲ ಕೇಳಿತು:

“ಹಂಗಾದ್ರ ಹಿಟ್ಟು ಜಾಸ್ತಿ ಕಟ್ಟು!”